ಸೆರಗಿಗೆ ಕಟ್ಟಿದ ಬಿಲ್ಲೆ

ಊರಿನಿಂದ ಬಂದಿದ್ದ ನಮ್ಮ ಅತ್ತೆ ಆ ಹಿತ್ತಾಳೆಯ ಬಿಲ್ಲೆಯನ್ನು ಮೂಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಅಮೆರಿಕದ ಡೆಟ್ರಾಯಿಟ್ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡ್‌ನ ನಮ್ಮ ಪರಿಚಯದ ಡಾಕ್ಟರ್ ಅಂಕಲ್ ಮನೆಯಲ್ಲಿ ಊಟವಾದ ಮೇಲೆ ಅವರ ಸಂಗ್ರಹ ನೋಡುತ್ತಿದ್ದೆವು. ಬ್ರಿಟಿಷ್ ಕಂಪನಿಗಳು ಕೂಲಿಯಾಳುಗಳಿಗೆ ಕೊಡುತ್ತಿದ್ದ ಹಳೆಯ ಟೋಕನ್‌ಗಳವು. ಅತ್ತೆ ಕಟ್ಟಿಕೊಂಡದ್ದು ಮಂಗಳೂರಿನ ಕಾಫಿ ಕಾರ್ಖಾನೆಯದು. ಅದನ್ನು ವಾಪಸ್ ಕೇಳಲು ನಾನು ನಾಚಿಕೆಯಿಂದ ಕೈಚಾಚಿದೆ. ಅತ್ತೆ ಕಿಟಕಿಯಾಚೆ ಬೀಳುತ್ತಿದ್ದ ಹಿಮವನ್ನೇ ನೋಡುತ್ತಿದ್ದರು.

"ಬೀಜ ಹೆಕ್ಕಿದ ಬುಟ್ಟಿಗೊಂದು ಬಿಲ್ಲೆ ಕೊಡ್ತಾ ಇದ್ರು. ಸಂಜೆ ದುಡ್ಡು ಸಿಗುವ ತನಕ ಕಳ್ಕೊಳ್ಬಾರ್ದು" ಎಂದರು ಅತ್ತೆ.

ಅವರು ಚಿಕ್ಕಂದಿನಲ್ಲಿ ಕೂಲಿಗೆ ಹೋಗಿದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ.

"ಇರ್ಲಿ ಬಿಡಮ್ಮ, ಅದು ಅವರದ್ದೇ" ಎಂದು ಅಂಕಲ್ ಮೆಲ್ಲಗೆ ಪೆಟ್ಟಿಗೆ ಮುಚ್ಚಿದರು.

ಆಮೇಲೆ ಸೀರೆ ಬದಲಿಸಿದಾಗಲೆಲ್ಲ ಅತ್ತೆ ಬಿಲ್ಲೆಯನ್ನೂ ಹೊಸ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಊರಿಗೆ ಹೊರಟ ದಿನ ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಗಂಟು ಬಿಚ್ಚಿ, ಅದನ್ನು ನನ್ನ ದುಪಟ್ಟಾದ ತುದಿಗೆ ಕಟ್ಟಿದರು.