ಸೌಟಕ್ಕನವರ ಸಿಟ್ಟು

ರಕ್ತಸಂಬಂಧವಿಲ್ಲದಿದ್ದರೂ ಒಂದೇ ನಂಬಿಕೆಯ ನೆರಳಿನಲ್ಲಿ ಒಡಹುಟ್ಟಿದವರಂತೆ ಬಾಳುವ ಕ್ರೈಸ್ತ ಸಹಜೀವನದ ಮನೆಗಳಲ್ಲಿ ಬೋಧಿಸಿದವರ ಹೆಸರು ಉಳಿಯುತ್ತದೆ, ಬಡಿಸಿದವರ ಹೆಸರು ಅಳಿಯುತ್ತದೆ. ಮೂರು ದಶಕಗಳಿಗೂ ಮಿಕ್ಕಿ ಇಂಥದೊಂದು ಮನೆಯ ಅಡುಗೆಯ ಹೊಣೆ ಹೊತ್ತು ಈಗ ನಿವೃತ್ತರಾಗುತ್ತಿರುವ, ಹಿರಿಯರು ಕಿರಿಯರೆನ್ನದೆ ಎಲ್ಲರೂ ‘ಸೌಟಕ್ಕ’ ಎಂದೇ ಕರೆಯುವ ಸೋದರಿಗೆ ಈ ಅಭಿನಂದನ ಸಂಪುಟ ಸಲ್ಲುತ್ತಿರುವುದು ಯೋಗ್ಯವೇ. ಅವರನ್ನು ಸಹನಾಮೂರ್ತಿ ಎಂದು ಹೊಗಳುವವರು ಇಲ್ಲಿ ಹಲವರಿರುತ್ತಾರೆ. ಆದ್ದರಿಂದ ಅವರ ಸಿಟ್ಟಿನ ಕಥೆಯನ್ನೂ ಯಾರಾದರೂ ಹೇಳಲೇಬೇಕು.

ಶಾಲೆಯ ಕೆಲಸ ಬಿಟ್ಟು ಅವರು ಈ ಮನೆ ಸೇರಿದಾಗ ಸ್ವಂತ ತಂಗಿ ಮಾತು ಬಿಟ್ಟಿದ್ದರು. “ಮನೇಲಿ ಒಬ್ಬ ತಂಗಿ ಸಾಲದು ಅಂತ ಊರೆಲ್ಲ ತಂಗಿಯರನ್ನ ಹುಡುಕಿಕೊಂಡು ಹೋದಳು” ಎಂಬುದು ಅವರ ದೂರು. ಕಾಲೇಜಿನಲ್ಲಿ ಪಾಠ ಹೇಳುವ ಈ ತಂಗಿ ಕೊನೆಗೂ ಮುನಿಸು ಮರೆತು ವರ್ಷಕ್ಕೊಮ್ಮೆ ಬಂದು ಹೋಗತೊಡಗಿದರು. ಬಂದಾಗಲೆಲ್ಲ ಅಕ್ಕನ ಸಣ್ಣಪುಟ್ಟ ಉಪಕಾರಗಳು ಅವರ ಕಣ್ಣಿಗೆ ಬೀಳುತ್ತಿದ್ದವು. ಮನೆಯ ಬಡಗಿಗೆ ಕೈ ನಡುಗತೊಡಗಿ ತಟ್ಟೆಯಿಂದ ಸೂಪು ಚೆಲ್ಲುತ್ತಿದ್ದಾಗ ಸೌಟಕ್ಕ ಎಲ್ಲರ ತಟ್ಟೆಗಳನ್ನೂ ಎತ್ತಿಟ್ಟು, ಎಲ್ಲರಿಗೂ ಆಳವಾದ ಬಟ್ಟಲು ತಂದಿಟ್ಟರು. ಯಾರಿಗಾಗಿ ಎಂದು ಹೇಳಲಿಲ್ಲ. ಕತ್ತಲಿಗೆ ಹೆದರುವ ಹುಡುಗಿಯ ಬಾಗಿಲಲ್ಲಿ ಬಟಾಣಿ ಸುಲಿಯುತ್ತ ಕೂರುತ್ತಿದ್ದರು.

ಬೀಳ್ಕೊಡುಗೆಗೆಂದು ಈ ಸಲ ಬಂದ ತಂಗಿಗೆ ಕಂಡದ್ದು ಗಂಟುಮೂಟೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅಕ್ಕನ ಹಾಸಿಗೆ ಸುತ್ತಿಟ್ಟಿತ್ತು.

“ತೋಟದಾಚೆ ಮನೆಗೆ ಹೋಗ್ಬೇಕಂತೆ. ವಿಶ್ರಾಂತಿಗೆ. ನನಗೇ ಒಳ್ಳೇದಂತೆ.”

“ನಿನ್ನನ್ನ ಕೇಳಿದ್ರಾ?”

“ಕೇಳಿದ್ರು, ಊಟದ ಹೊತ್ತಲ್ಲಿ. ನಾನು ಏನೂ ಹೇಳಲಿಲ್ಲ.”

ಮನಸ್ಸಿನಲ್ಲಿ ಬೇಸರವಿದ್ದವರು ಸಂಜೆ ಊಟಕ್ಕೆ ಮುಂಚೆ ಎಲ್ಲರೆದುರು ಹೇಳಿಬಿಡಬೇಕು, ಅದು ಬಗೆಹರಿಯುವವರೆಗೆ ಯಾರೂ ಚಮಚ ಎತ್ತಬಾರದು ಎಂಬುದು ಈ ಮನೆಯ ಪದ್ಧತಿ. ಅಷ್ಟು ವರ್ಷಗಳಲ್ಲಿ ಸೌಟಕ್ಕ ಒಮ್ಮೆಯೂ ಬಾಯಿ ತೆರೆದಿರಲಿಲ್ಲ.

“ಯಾಕೆ?” ಎಂದರು ತಂಗಿ.

“ಮಾತಾಡ್ತಾ ಕೂತರೆ ಸೂಪು ಆರಿಹೋಗುತ್ತೆ ಕಣೇ.”

ತಂಗಿಗೆ ಮೈಯೆಲ್ಲ ಉರಿಯಿತು. ಬಡಿಸುವವಳ ಮೌನವನ್ನು ಒಪ್ಪಿಗೆಯೆಂದು ಎಣಿಸಿದವರು ಪ್ರಾರ್ಥನೆಯಲ್ಲಿ ಅವಳನ್ನು ಅಮ್ಮ ಎನ್ನುತ್ತಿದ್ದರು. “ಎದ್ದೇಳು, ಗಂಟು ಹೇಗೂ ಕಟ್ಟಿದ್ದೀಯ, ನಮ್ಮನೆಗೆ ನಡಿ” ಎಂದರೆ ಅಕ್ಕ, “ಮೊದಲು ಎಲ್ಲರ ಊಟ ಆಗಲಿ” ಎಂದುಬಿಟ್ಟರು.

ಊಟದ ಮೇಜಿನಲ್ಲಿ, ಈ ಮನೆಯ ಮುಖ್ಯಸ್ಥರಾದ ಹಿರಿಯಣ್ಣನವರು ಎಂದಿನಂತೆ, “ಯಾರಿಗಾದರೂ ಏನಾದರೂ ಹೇಳೋದಿದೆಯಾ?” ಎಂದರು. ತಂಗಿ ಧಡಕ್ಕನೆ ಎದ್ದುನಿಂತರು. ಸೌಟಕ್ಕ ಅವರ ಸೆರಗು ಹಿಡಿದೆಳೆದರು.

“ಕೂತ್ಕೋ. ಸಿಟ್ಟು ನನ್ನದು, ನಾನೇ ಹೇಳ್ತೀನಿ.”

ತೆರೆದಿದ್ದ ಪಾತ್ರೆಗೆ ಮತ್ತೆ ಮುಚ್ಚಳ ಹಾಕಿ ಅವರು ಹಿರಿಯಣ್ಣನವರತ್ತ ತಿರುಗಿದರು. “ಕೈಲಾಗ್ತಿಲ್ಲ, ನಿಜ. ಕೆಲಸ ಬೇರೆಯವರಿಗೆ ಕೊಡಿ. ಹೊಸದಾಗಿ ಮದುವೆಯಾದ ಜೋಡಿಗೆ ನನ್ನ ಕೋಣೆ ಬೇಕು, ಅದೂ ನನಗೆ ಗೊತ್ತು. ಬೇಕು ಅಂತ ಕೇಳಬಹುದಿತ್ತು. ನಿನ್ನ ಒಳ್ಳೇದಕ್ಕೆ ನಿನ್ನನ್ನ ದೂರ ಇಡ್ತೀವಿ ಅಂದ್ರಲ್ಲ, ಅದು ನನಗೆ ಹೇಸಿಗೆ ಆಯ್ತು. ಅಮ್ಮ ಅಂತೀರಿ. ಯಾವ ಮನೇಲಿ ಅಮ್ಮನ್ನ ಸಭೆ ಸೇರಿ ನಿವೃತ್ತಿ ಮಾಡ್ತಾರೆ?”

“ನೀವು ಯಾವತ್ತೂ ಏನೂ ಅನ್ನಲಿಲ್ಲವಲ್ಲ ಅಕ್ಕ. ಬೇಸರ ಇಲ್ಲ ಅಂದ್ಕೊಂಡ್ವಿ” ಎಂದರು ಹಿರಿಯಣ್ಣನವರು.

“ಹಸಿದವರ ಮುಂದೆ ಪಾತ್ರೆ ಇಟ್ಕೊಂಡು ಯಾವ ಅಡುಗೆಯವಳು ಭಾಷಣ ಮಾಡ್ತಾಳೆ?”

ಆ ಜೋಡಿಯ ಮದುಮಗಳು ಮೆಲ್ಲಗೆ, “ಸೂಪು ಬಿಸಿ ಮಾಡಿ ತರಲಾ?” ಎಂದಳು.

“ಬೇಡ, ಕೂತ್ಕೊಳಮ್ಮ. ಇವತ್ತು ಆರಲಿ.”

ಹಿರಿಯಣ್ಣನವರು ತೋಟದಾಚೆಯ ಮನೆಯ ಗಾಳಿ, ನೆಮ್ಮದಿ ಎಂದೇನೋ ತೊದಲಿದರು. ಬಡಗಿ ಬಟ್ಟಲು ಪಕ್ಕಕ್ಕೆ ಸರಿಸಿ, “ಅಷ್ಟು ನೆಮ್ಮದಿ ಇದ್ರೆ ನೀವೇ ಹೋಗಿ ಅಣ್ಣ. ನಿಮ್ಮ ಕೋಣೆ ಅಕ್ಕನ ಕೋಣೆಗಿಂತ ದೊಡ್ಡದು, ಜೋಡಿಗೆ ಸರಿಹೋಗುತ್ತೆ” ಎಂದರು. ಯಾರೂ ನಗಲಿಲ್ಲ. ಹಿರಿಯಣ್ಣನವರು ತಲೆ ತಗ್ಗಿಸಿ, “ಕೋಣೆ ಬೇಕಿತ್ತು, ಕೇಳೋಕೆ ಮುಖ ಇರಲಿಲ್ಲ. ತಪ್ಪಾಯ್ತು ಅಕ್ಕ. ನಾನೇ ಹೋಗ್ತೀನಿ” ಎಂದರು. ನ್ಯಾಯವಾಗಿ ಹೇಳುವುದಾದರೆ, ಮರುದಿನವೇ ಅವರು ಹೋದರು. ಆದರೂ ಅಕ್ಕ ಬಾಯಿಬಿಟ್ಟು ಕೇಳುವವರೆಗೆ ಕೊಡಲಾಗದ ಮರ್ಯಾದೆ ಅದೆಂಥದು ಎಂಬ ಉರಿ ತಂಗಿಯ ಎದೆಯಲ್ಲಿ ಇನ್ನೂ ಆರಿಲ್ಲ, ಆರಬೇಕಾಗಿಯೂ ಇಲ್ಲ.

ಹೊರಡುವಾಗ ಗೇಟಿನ ಬಳಿ ತಂಗಿ ಮತ್ತೆ ಕೇಳಿದರು. “ಈಗಲಾದರೂ ಬರ್ತೀಯಾ?”

“ಈಗ ಹೇಗೆ ಬರಲಿ? ಇವರ ಜೊತೆ ಜಗಳ ಈಗ ತಾನೇ ಶುರುವಾಗಿದೆ.”

ಸೌಟಕ್ಕನವರು ಆ ಕೋಣೆಯಲ್ಲಿ, ಆ ಮೇಜಿನಲ್ಲಿ, ಬಡಿಸಿಕೊಂಡು ಉಣ್ಣುವವರಾಗಿ ನೂರ್ಕಾಲ ಬಾಳಲಿ. ಸೌಟು ಇಳಿಸಿದ ಕೈಗೆ ವಿಶ್ರಾಂತಿ ಸಿಗಲಿ. ನಾಲಿಗೆಗೆ ಮಾತ್ರ ಬೇಡ.