ವಿಭೂತಿಯಲ್ಲಿ ಬೆಳಗಿದ ರೂಪಾಯಿಗಳು

ನಮ್ಮ ಗುಂಡ್ಲುಪೇಟೆಯಲ್ಲಿ ಆಗೆಲ್ಲ ಮಕ್ಕಳಿಗೆ ಮೈಮೇಲೆ ಗುಳ್ಳೆಯಾಗಿ ಅಮ್ಮ ಎದ್ದರೆ ಆಸ್ಪತ್ರೆಗೆ ಓಡುತ್ತಿದ್ದವರು ಕಡಿಮೆ. ಬೇವಿನ ಸೊಪ್ಪು ಹಾಸಿ ಮಲಗಿಸಿ, ಬಾಗಿಲಿಗೂ ಒಂದು ಗೊಂಚಲು ಸಿಕ್ಕಿಸಿ, ಅಡುಗೆಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ನನಗೆ ಅಮ್ಮ ಎದ್ದದ್ದು ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ. ಸ್ಕೂಲು ಇದ್ದಾಗ ಬರಬಾರದಿತ್ತಾ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಹೊರಗೆ ಬೀದಿಯ ಹುಡುಗಿಯರೆಲ್ಲ ಕುಂಟೆಬಿಲ್ಲೆ ಆಡುತ್ತಿದ್ದರು. ಒಳಗೆ ನಾನು ಉಪ್ಪಿಲ್ಲದ ಮೊಸರನ್ನ ತಿನ್ನುತ್ತ, ಮೈ ಕೆರೆಯಬಾರದು ಅಂತ ಎರಡೂ ಕೈ ಕಟ್ಟಿಕೊಂಡು ಕೂತಿದ್ದೆ. ಅವ್ವನಿಗೆ ಹಸು, ಅಡುಗೆ, ಹೂವಿನ ತೋಟ ಅಂತ ಕೈತುಂಬ ಕೆಲಸ. ನನ್ನ ರಗಳೆ ತಡೆಯಲಾರದೆ ಒಂದು ಮಧ್ಯಾಹ್ನ ಅಜ್ಜಿ ತನ್ನ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತಂದು ನನ್ನ ಮಡಿಲಿಗೆ ಹಾಕಿದಳು.

"ತಗೊ ಮಗ, ಇದ್ರಲ್ಲಿ ಆಡ್ಕೊ. ಕೆರ್ಕೋಬ್ಯಾಡ. ಒಂದೂ ಕಳೀಬ್ಯಾಡ."

ಗಂಟು ಬಿಚ್ಚಿದರೆ ಒಂದು ಹಿಡಿ ಬೆಳ್ಳಿ ರೂಪಾಯಿ. ಕಪ್ಪಗೆ, ದಪ್ಪಗೆ, ಅಂಗೈಗೆ ಭಾರವಾಗಿ ಇದ್ದವು. ತುರಿಸುವ ಕಡೆಗೆಲ್ಲ ಒಂದೊಂದನ್ನು ಇಟ್ಟುಕೊಂಡೆ. ಆಹಾ, ಎಂಥಾ ತಂಪು! ಕೆನ್ನೆಯ ಮೇಲೊಂದು, ಹೊಟ್ಟೆಯ ಮೇಲೆರಡು, ಹೀಗೆ ಮೈತುಂಬ ರೂಪಾಯಿ ಹರಡಿಕೊಂಡು ಮಲಗುತ್ತಿದ್ದೆ. ನನ್ನ ನಾಣ್ಯಸಂಗ್ರಹದ ಓಂಕಾರ ಆದದ್ದು ಹಾಗೆ.

ಎರಡು ದಿನ ಕಳೆಯುವುದರೊಳಗೆ ಅವುಗಳ ಮುಖ ಪರಿಚಯವಾಯಿತು. ಕಿರೀಟ ಇಟ್ಟುಕೊಂಡು ಮೂತಿ ಬಿಗಿದ ರಾಣಿ. ಕಿರೀಟವೇ ಇಲ್ಲದ ಬೋಳುತಲೆ ದೊರೆ. ಗಡ್ಡ ಬಿಟ್ಟ ಕಿರೀಟದ ದೊರೆ. ಬೋಳುತಲೆಯವನು ಮಾತ್ರ ಮುಖವನ್ನು ಇನ್ನೊಂದು ಕಡೆ ತಿರುಗಿಸಿದ್ದ. ಮನೆಯಲ್ಲಿ ಜಗಳ ಆಗಿರಬೇಕು ಅಂತ ತೀರ್ಮಾನಿಸಿ, ದಿನಾ ಒಂದೊಂದು ಕಥೆ ಕಟ್ಟಿ ರಾಜಿ ಮಾಡಿಸುತ್ತಿದ್ದೆ. ಗಡ್ಡದ ದೊರೆಯ ಮೇಲಂಗಿಯಲ್ಲಿ ಒಂದು ಪುಟ್ಟ ಆನೆ ಇರುವುದನ್ನು ಕಂಡುಹಿಡಿದ ದಿನ ಇಡೀ ಮನೆಯವರನ್ನು ಕರೆದು ತೋರಿಸಿದೆ.

"ನಮ್ ಬಾಳೆತೋಟಕ್ ಬರದು ಸಾಲ್ದು ಅಂತ ದೊರೆ ಅಂಗಿಗೂ ನುಗ್ಬುಟ್ಟದಾ?" ಅಂದ ತಾತ.

ಕಪ್ಪು ಕಾಸು ನನಗೆ ಯಾಕೋ ಒಗ್ಗಲಿಲ್ಲ. ನಮ್ಮ ಮನೆಯಲ್ಲಿ ಬೆಳ್ಳಿ ಕಪ್ಪಾದರೆ ವಿಭೂತಿ ಹಚ್ಚಿ ಉಜ್ಜುವುದು ರೂಢಿ. ತಾತ ಪೂಜೆಗೆ ಇಟ್ಟುಕೊಂಡಿದ್ದ ವಿಭೂತಿಗಟ್ಟಿಯನ್ನು ಕೆರೆದು ಕೆರೆದು, ಹಳೆ ಪಂಚೆಯ ಚೂರಿನಿಂದ ಒಂದೊಂದು ರೂಪಾಯಿಯನ್ನೂ ತಿಕ್ಕಿದೆ. ರಾಣಿ ಫಳಫಳ ಹೊಳೆದಳು. ಬೆರಳಿಗೆಲ್ಲ ವಿಭೂತಿ, ಬೇವು, ಲೋಹ ಸೇರಿದ ಒಂದು ವಾಸನೆ ಮೆತ್ತಿಕೊಂಡಿತ್ತು. ಊಟದ ಹೊತ್ತಿಗೂ ಅದು ಹೋಗುತ್ತಿರಲಿಲ್ಲ.

"ಇದೇನ್ಲಾ ಇದು, ನನ್ ಈಬೂತಿ ಇಲಿ ತಿಂತಾ ಅವಾ?" ಅಂತ ತಾತ ಅಪ್ಪನನ್ನು ಕೇಳುತ್ತಿದ್ದ. ನಾನು ಕಂಬಳಿಯೊಳಗೆ ನಗು ತಡೆದುಕೊಂಡು ಮಲಗಿರುತ್ತಿದ್ದೆ.

ಅಮ್ಮ ಇಳಿದು ಮೈಗೆ ನೀರು ಹಾಕಿದ ಮೇಲೆ ಮೊದಲು ಓಡಿದ್ದು ಗಫೂರ್ ಮಾಮನ ಅಂಗಡಿಗೆ. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಅವರು ಹಳೆ ಬೆಳ್ಳಿ, ಹಿತ್ತಾಳೆ ಕೊಳ್ಳುತ್ತಿದ್ದರು. ನಮ್ಮ ಜೊತೆ ಕನ್ನಡ, ಮನೆಯವರ ಜೊತೆ ಉರ್ದು, ಕೇರಳದ ಲಾರಿಯವರ ಜೊತೆ ಮಲಯಾಳ ಮಾತಾಡುತ್ತಿದ್ದರು. ಸಂತೆಗಳಿಂದ ತಂದ ಹಳೆ ನಾಣ್ಯಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದನ್ನು ಸ್ಕೂಲಿಗೆ ಹೋಗುವಾಗೆಲ್ಲ ನೋಡಿದ್ದೆ. ಈಗ ನಾನೂ ಅವರ ಸಾಲಿನವಳು ಅನ್ನುವ ಜಂಬದಲ್ಲಿ ಗಂಟು ಬಿಚ್ಚಿದೆ.

ಮಾಮ ಒಂದು ರೂಪಾಯಿ ಎತ್ತಿಕೊಂಡು ಬೆಳಕಿಗೆ ಹಿಡಿದರು. ಮುಖ ಸಪ್ಪಗಾಯಿತು.

"ಉಜ್ಬುಟ್ಟಿದ್ದೀಯಲ್ಲಮ್ಮಾ."

"ಹ್ಞೂಂ ಮಾಮ, ವಿಭೂತಿಲಿ. ಚೆನ್ನಾಗದೆ ಅಲ್ವಾ?"

"ಪಾತ್ರೆ ಆಗಿದ್ರೆ ಚೆನ್ನಾಗದೆ. ಕಾಸನ್ನ ಬೆಳಗಬಾರ್ದು ಕಣಮ್ಮ. ಆ ಕಪ್ಪೇ ಅದ್ರ ವಯಸ್ಸು. ಅದ್ ಹೋದ್ರೆ ಕಾಸು ಜೋಡ್ಸೋರು ಮುಟ್ಟಲ್ಲ, ತೂಕಕ್ಕೆ ತಗೋತಾರೆ ಅಷ್ಟೆ." ನನ್ನ ಮುಖ ನೋಡಿ ಅವರೇ ಸಮಾಧಾನ ಮಾಡಿದರು. "ಓಗ್ಲಿ ಬುಡು. ನೀನೇನ್ ಮಾರ್ತೀಯಾ? ಇಟ್ಕೊ. ನಿಂಗ್ ಚೆಂದ ಕಂಡ್ರೆ ಸಾಕು."

ಅವತ್ತಿನಿಂದ ಇಟ್ಟುಕೊಳ್ಳುವುದೇ ನನ್ನ ಗುರಿಯಾಯಿತು. ಬಿಸ್ಕತ್ತಿನ ಡಬ್ಬಿಗೆ ಹತ್ತಿ ಹಾಸಿ ರಾಣಿಯರನ್ನು ಒಂದು ಕಡೆ, ದೊರೆಗಳನ್ನು ಒಂದು ಕಡೆ ಮಲಗಿಸಿದೆ.

ಇಷ್ಟರಲ್ಲೇ ತಾತ ನನ್ನ ಲಿಂಗದೀಕ್ಷೆಗೆ ದಿನ ನೋಡಿಸಿಕೊಂಡು ಬಂದ. ಅದುವರೆಗೆ ನನ್ನ ಇಷ್ಟಲಿಂಗ ಬಟ್ಟೆಯಲ್ಲಿ ಸುತ್ತಿ ದೇವರಮನೆಯಲ್ಲಿತ್ತು. ದೀಕ್ಷೆಯಾದ ಮೇಲೆ ಅದನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳಬೇಕು. ಕರಡಿಗೆಗೆ ಬೆಳ್ಳಿ?

"ಅವಳಜ್ಜಿ ರೂಪಾಯಿ ಇದ್ದಾವಲ್ಲ, ಕರಗ್ಸದು" ಅಂದ ತಾತ, ತೋಟಕ್ಕೆ ನೀರು ಬಿಡು ಅನ್ನುವಷ್ಟು ಸಲೀಸಾಗಿ.

ನಾನು ಡಬ್ಬಿ ಅಪ್ಪಿಕೊಂಡು ಕೂತೆ. ಕೊಡುವುದಿಲ್ಲ ಅಂದೆ. ಮರದ ಕರಡಿಗೆ ಮಾಡಿಸಿ ಅಂದೆ. ಊಟ ಬಿಟ್ಟೆ. ಅವ್ವ ಬೈದಳು, ಅಪ್ಪ ಗಿಲೀಟಿನ ಗೆಜ್ಜೆ ಕೊಡಿಸುತ್ತೇನೆ ಅಂದ. ಮಾರನೆಯ ದಿನ ನನಗೊಂದು ಭಾರೀ ಉಪಾಯ ಹೊಳೆಯಿತು. ಬೆಳ್ಳಿ ಬೇಕು ತಾನೆ, ಗಫೂರ್ ಮಾಮನ ಹತ್ತಿರ ಮುರುಕಲು ಕಾಲುಚೈನು ರಾಶಿ ಬಿದ್ದಿವೆ. ಅದನ್ನು ತಂದು ಕರಗಿಸಿದರಾಯಿತು.

ಮಾಮ ಪೂರ್ತಿ ಕೇಳಿಸಿಕೊಂಡರು. "ಕೊಡನ. ಬದ್ಲಿಗೆ ನೀನೇನ್ ಕೊಡ್ತೀಯ?"

ನಾನು ಯೋಚಿಸಿದೆ. ನನ್ನ ಹತ್ತಿರ ಇದ್ದದ್ದು ಆ ರೂಪಾಯಿಗಳು ಮಾತ್ರ. ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕು, ಒಂದು ಬಾಳೆಹಣ್ಣು ಕೊಟ್ಟು ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಅಳುತ್ತ ಹಣ್ಣು ತಿಂದೆ.

ಕರಡಿಗೆ ಮಾಡುವ ಆಚಾರ್ರು ಇದ್ದದ್ದು ಚಾಮರಾಜನಗರದಲ್ಲಿ. ಬೆಳ್ಳಿಯನ್ನು ಕೊಟ್ಟವರ ಕಣ್ಣೆದುರಿಗೇ ಕರಗಿಸಬೇಕು ಅನ್ನುವುದು ಪದ್ಧತಿ. ಹಾಗಾಗಿ ಅಜ್ಜಿ ಹೊರಟಳು. ಡಬ್ಬಿ ಬಿಡದ ನಾನೂ ಹೊರಟೆ.

ಆಚಾರ್ರ ಮನೆಯ ಜಗಲಿಯಲ್ಲಿ ಇದ್ದಲು ಕೆಂಪಗೆ ಉರಿಯುತ್ತಿತ್ತು. ಅವರು ಕೈ ಚಾಚಿದರು. ನಾನು ಡಬ್ಬಿ ಕೊಡಲಿಲ್ಲ. ಅಜ್ಜಿ ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ತಾನೇ ಮುಚ್ಚಳ ತೆಗೆದಳು. ಹೊಳೆಯುವ ರಾಣಿಯೊಬ್ಬಳನ್ನು ಎತ್ತಿಕೊಂಡಳು.

"ಇದು ನಾನು ನಿಮ್ಮಪ್ಪನ್ನ ಹೆತ್ತಾಗ ನಮ್ಮಪ್ಪ ಕೊಟ್ಟದ್ದು. ಇದು ನಂಗೆ ಚಳಿಜ್ವರ ಬಂದಾಗ. ಇದು ಸುಮ್ನೆ ನೋಡಕ್ ಬಂದಾಗ. ಸಂತೆಮರಳ್ಳಿಯಿಂದ ಗಾಡಿ ಕಟ್ಕಂಡ್ ಬರ್ತಿದ್ದ ಕಣಮ್ಮಿ. ಓಗುವಾಗ ಒಂದ್ ರೂಪಾಯಿ ಕೈಗ್ ಇಟ್ಟು, ನಿಮ್ ತಾತಂಗೆ ಏಳ್ಬ್ಯಾಡ ಅಂತಿದ್ದ. ಅಪ್ಪ ತೀರ್ಕಂಡ. ಆಮೇಲೆ ಯಾರೂ ಕೊಡ್ನಿಲ್ಲ."

ಅಜ್ಜಿಗೂ ಒಬ್ಬ ಅಪ್ಪ ಇದ್ದ ಅನ್ನುವುದು ನನಗೆ ಅವತ್ತೇ ಹೊಳೆದದ್ದು. "ಕರಗಿಸಿದ್ರೆ ನಿಂಗೆ ಬೇಜಾರಾಗಲ್ವಾ ಅಜ್ಜಿ?"

"ಆಯ್ತದೆ. ಆಗ್ದೆ ಇದ್ದದಾ?" ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು. "ಪೆಟ್ಗೇಲಿಟ್ರೆ ನಾನಿರಗಂಟ ನೋಡ್ತೀನಿ. ನಿನ್ ಕೊಳ್ಳಲ್ಲಿದ್ರೆ ನಮ್ಮಪ್ಪ ನೀನಿರಗಂಟ ಇರ್ತನೆ."

ಡಬ್ಬಿಯನ್ನು ಆಚಾರ್ರಿಗೆ ಕೊಡದೆ ನಾನೇ ಒಂದೊಂದಾಗಿ ರೂಪಾಯಿ ಎತ್ತಿ ಮೂಸೆಯೊಳಗೆ ಹಾಕಿದೆ. ರಾಣಿ, ಬೋಳುತಲೆ, ಗಡ್ಡದವನು, ಎಲ್ಲರೂ ಒಬ್ಬರ ಮೇಲೊಬ್ಬರು ಒರಗಿಕೊಂಡರು. ಆಚಾರ್ರು ಮೂಸೆಯನ್ನು ಬೆಂಕಿಗಿಟ್ಟರು. ಮೊದಲು ಅಂಚು ಮೆತ್ತಗಾಯಿತು, ಆಮೇಲೆ ಮುಖ ಹೋಯಿತು, ಕೊನೆಗೆ ಮೂಸೆಯಲ್ಲಿ ಬೆಳ್ಳಗೆ ಅಲುಗಾಡುವ ಒಂದು ಗುಟುಕು. ಅಜ್ಜಿ ನನ್ನ ಕೈ ಹಿಡಿದುಕೊಂಡು ಕಣ್ಣು ಮಿಟುಕಿಸದೆ ನೋಡಿದಳು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಮಸಾಲೆದೋಸೆ ತಿಂದೆವು. ಅಮ್ಮ ಇಳಿದ ಮೇಲೆ ನಾನು ತಿಂದ ಮೊದಲ ಎಣ್ಣೆತಿಂಡಿ ಅದು. ಅಷ್ಟು ರುಚಿಯಾದ ದೋಸೆ ಮತ್ತೆ ಸಿಕ್ಕಿಲ್ಲ.

ಆ ಖಾಲಿ ಡಬ್ಬಿಯಿಂದ ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಒಂದೊಂದೇ ಕೊಂಡೆ. ಈಗ ನನ್ನ ಬೀರುವಿನಲ್ಲಿ ದಪ್ಪ ಆಲ್ಬಮ್‌ಗಳಿವೆ. ಕಪ್ಪು ಕಾಸನ್ನು ಕಪ್ಪಾಗಿಯೇ ಇಟ್ಟಿದ್ದೇನೆ, ಅಂಚು ಹಿಡಿದು ಮಾತ್ರ ಎತ್ತುತ್ತೇನೆ. ಕಾಸು ಜೋಡಿಸುವವರ ಫೋನಿನ ಗುಂಪಿನಲ್ಲಿ ಹೊಸಬರು ಏನಾದರೂ ಕೇಳಿದರೆ ಮೊದಲು ಹೇಳುವುದು ಗಫೂರ್ ಮಾಮನ ಮಾತನ್ನೇ. ಕೊರಳಲ್ಲಿ ಕರಡಿಗೆ ಇದೆ. ಸುಖವಾಗಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ನನ್ನ ಮಗಳಿಗೆ ದೀಕ್ಷೆಯಾಯಿತು. ಕರಡಿಗೆಗೆ ಅಂತ ಆಲ್ಬಮ್ ತೆರೆದು ಕೂತೆ. ಇದು ಅಪರೂಪದ್ದು, ಇದು ಎಷ್ಟು ಹುಡುಕಿದ ಮೇಲೆ ಸಿಕ್ಕಿದ್ದು, ಇದರ ಜೋಡಿ ಒಡೆಯಬಾರದು ಅಂತ ಹಾಳೆ ತಿರುವುತ್ತಲೇ ಹೋದೆ. ಸಂಜೆಯಾಯಿತು. ಒಂದನ್ನೂ ತೆಗೆಯಲು ಮನಸ್ಸು ಬರಲಿಲ್ಲ. ಮಾರನೆಯ ದಿನ ಪೇಟೆಗೆ ಹೋಗಿ ರೆಡಿಮೇಡ್ ಕರಡಿಗೆ ಕೊಂಡು ತಂದೆ. ಚೆನ್ನಾಗಿಯೇ ಇದೆ, ಮಗಳಿಗೂ ಇಷ್ಟವಾಯಿತು.

"ಇದನ್ನ ಯಾರು ಕೊಟ್ರು ಅಮ್ಮ?" ಅಂತ ಅವಳು ಕೇಳಿದಳು. ಅಂಗಡಿಯ ಹೆಸರು ಹೇಳಿದೆ.