ಹನ್ನೊಂದು ಖಾಕಾ

ಇಲಕಲ್ಲಿನ ಚಮನಸಾಬ ತನ್ನ ಕುಣಿಮಗ್ಗವನ್ನು ಬಿಚ್ಚಿ ಕೊಟ್ಟ ವರ್ಷ ಅವನ ಹೆಂಡತಿ ಗುಲಾಬಬಿಗೆ ಐವತ್ತೊಂದು. ಮೂವತ್ತು ವರ್ಷಕ್ಕೂ ಮೇಲೆ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯ್ದವನ ಮೊಣಕಾಲುಗಳು ಮಾತು ಕೇಳುವುದನ್ನು ಬಿಟ್ಟಿದ್ದವು. ಮಗ್ಗದ ಕಟ್ಟಿಗೆಯನ್ನು ಬೇವೂರಿನ ನೇಕಾರನೊಬ್ಬ ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋದ. ಚಮನಸಾಬ ಪೇಟೆಯ ಅಂಗಡಿಯೊಂದರಲ್ಲಿ ಸೀರೆಗಳನ್ನು ಮಡಚಿ ಘಡಿ ಹಾಕುವ ಕೆಲಸ ಹಿಡಿದ. ಮನೆಯ ಮುಂಭಾಗದ ಮಗ್ಗದ ಖೋಲಿ ಖಾಲಿ ಬಿತ್ತು.

"ಈ ಖೋಲಿ ನನಗ ಬಿಡ್ರಿ," ಎಂದಳು ಗುಲಾಬಬಿ.

"ಏನ ಮಾಡಾಕಿ?"

"ಹಾಳಿ ಇಡತೇನಿ. ಕುಂತು ಕತ್ತರಸ್ತೇನಿ."

"ತಗೋ. ಕುಣಿ ಮುಚ್ಚಸ್ಲೇನು?"

"ಬ್ಯಾಡ. ಇರಲಿ ಅದು."

ಕಾಗದ ಕತ್ತರಿಸುವುದು ಅವಳಿಗೆ ತವರಿನಿಂದ ಬಂದ ವಿದ್ಯೆ. ಗುಡೂರಿನ ಅವಳ ಅಪ್ಪ ದಾವಲಸಾಬ ಮೊಹರಮ್ಮಿಗೆ ತಾಬೂತು ಕಟ್ಟುವುದರಲ್ಲಿ ಸುತ್ತಿನ ಹತ್ತೂರಿಗೆ ಹೆಸರಾದವನು. ಬಿದಿರಿನ ಚೌಕಟ್ಟಿಗೆ ಬಣ್ಣದ ಹಾಳೆ, ಬೇಗಡೆ ಹಚ್ಚಿ ಎರಡಾಳೆತ್ತರದ ಗೋಪುರ ನಿಲ್ಲಿಸುತ್ತಿದ್ದ. ಗಂಡಸರು ಮಸೂತಿಯ ಕಟ್ಟೆಯ ಮೇಲೆ ಕುಳಿತು ಹಾಳೆ ಕತ್ತರಿಸುತ್ತಿದ್ದರು. ಹೆಂಗಸರು ಮನೆಯಲ್ಲಿ ಮೈದಾ ಕುದಿಸಿ, ಹುಳ ಬೀಳದಂತೆ ಚೂರು ಮೈಲುತುತ್ತ ಬೆರೆಸಿ ಅಂಟು ಮಾಡಿ ಕಳಿಸುತ್ತಿದ್ದರು. ಗುಲಾಬಬಿ ಅಂಟು ತೊಳಸುತ್ತಲೇ ಬಾಗಿಲಿನಿಂದ ಕಾಣುವ ಕಟ್ಟೆಯ ಕಡೆ ನೋಡಿ ನೋಡಿ ಕತ್ತರಿ ಕಲಿತಳು. ಅಪ್ಪ ಅದನ್ನು ಕಂಡ, ಬೈಯಲಿಲ್ಲ, ಕಟ್ಟೆಗೆ ಕರೆಯಲೂ ಇಲ್ಲ. ಸಾಯುವ ಮುಂಚೆ ಹಾಳೆ ಕೊರೆಯುವ ಚಾಣಗಳನ್ನು ಮಗ ಫಾರೂಕನಿಗೆ ಕೊಟ್ಟ, ಖಾಕಾಗಳನ್ನು ಮಗಳಿಗೆ ಕೊಟ್ಟ.

ಖಾಕಾ ಎಂದರೆ ಮಾದರಿ. ಸಿಮೆಂಟು ಚೀಲದ ದಪ್ಪ ಕಾಗದದಲ್ಲಿ ದಾವಲಸಾಬ ಕತ್ತರಿಸಿಟ್ಟ ಹನ್ನೊಂದು ಮಾದರಿಗಳು. ಗಿಣಿಜೋಡಿ, ಕಮಾನು, ದಾಳಿಂಬೆ ಕೊಂಬೆ, ಎಂಟೆಸಳಿನ ಹೂ, ಹೀಗೆ. ಮಡಚಿದ ಹಾಳೆಯ ಮೇಲೆ ಖಾಕಾ ಇಟ್ಟು, ಅಂಚಿಗೆ ಪೆನ್ಸಿಲು ಎಳೆದು, ಗೆರೆಗುಂಟ ಕತ್ತರಿಸಿದರೆ ಆಯಿತು. ಗುಲಾಬಬಿ ಪ್ರತಿ ವರ್ಷ ಮೊಹರಮ್ಮಿಗೆ ಹಾಗೆ ಕತ್ತರಿಸಿ ಗುಡೂರಿಗೆ ಕಳಿಸುತ್ತಿದ್ದಳು. ಫಾರೂಕ ಅವನ್ನು ತಾಬೂತಿಗೆ ಹಚ್ಚುತ್ತಿದ್ದ. ಇಲಕಲ್ಲಿನಲ್ಲೂ ಮದುವೆ ಮಂಟಪ, ಗಣಪತಿ ಪೆಂಡಾಲು, ಸಾಲಿಯ ವಾರ್ಷಿಕ ಗ್ಯಾದರಿಂಗು ಎಂದರೆ ಗುಲಾಬಬಿಗೆ ಕರೆ ಬರುತ್ತಿತ್ತು. ಗಣಪತಿಗೂ ಅದೇ ಗಿಣಿ, ತಾಬೂತಿಗೂ ಅದೇ ಗಿಣಿ.

ಖೋಲಿ ಸಿಕ್ಕ ಮೇಲೆ ಅವಳು ಒಂದು ತಿಂಗಳು ಅದನ್ನು ಹೊಂದಿಸುವುದರಲ್ಲೇ ಕಳೆದಳು. ಮಗ್ಗದಿಂದ ಉಳಿದಿದ್ದ ಮೂರು ಬಿದಿರಿನ ಕೋಲುಗಳನ್ನು ಗೋಡೆಯಿಂದ ಗೋಡೆಗೆ ಕಟ್ಟಿ, ತೆಳುವಾದ ಗಾಳಿಪಟದ ಹಾಳೆಗಳನ್ನು ಬಣ್ಣ ನೋಡಿ ಒಣಹಾಕಿದ ಬಟ್ಟೆಯಂತೆ ಅವುಗಳ ಮೇಲೆ ಇಳಿಬಿಟ್ಟಳು. ಬೇಗಡೆ ಸುಕ್ಕಾಗದಂತೆ ಹಲಗೆಗಳ ನಡುವೆ ಇಟ್ಟಳು. ಗೋಡೆಯ ಮಾಡದಲ್ಲಿ ಅಂಟಿನ ಡಬ್ಬಿ, ಮೊಳೆಗೆ ಕತ್ತರಿಗಳು, ಬಿಸ್ಕೀಟಿನ ಡಬ್ಬಿಗಳಲ್ಲಿ ಒಂದೊಂದು ಬಣ್ಣದ ಚೂರು, ಹುಳ ಬಾರದಂತೆ ಮೂಲೆ ಮೂಲೆಗೆ ಡಾಂಬರ ಗುಳಿಗೆ. ಕುಣಿಯೇ ಅವಳ ಕುರ್ಚಿಯಾಯಿತು. ಅದರೊಳಗಿನ ಮೆಟ್ಟಿಲ ಮೇಲೆ ಕುಳಿತರೆ ಎದುರಿನ ನೆಲವೇ ಮೇಜಿನಂತೆ ಎದೆಯ ಮಟ್ಟಕ್ಕೆ ಬರುತ್ತಿತ್ತು. ಚಮನಸಾಬ ಬಾಗಿಲಲ್ಲಿ ನಿಂತು ನೋಡಿ, "ದವಾಖಾನಿ ಆದಂಗ ಆಗೇತಲ್ಲ," ಎಂದ.

ಅದೇ ವಾರ ಬಾದಾಮಿಯ ಹೈಸ್ಕೂಲೊಂದರ ಡ್ರಾಯಿಂಗ್ ಟೀಚರು ನಾಗರತ್ನಾ ಹುಡುಕಿಕೊಂಡು ಬಂದಳು. ಹುನಗುಂದದ ಮದುವೆಯೊಂದರಲ್ಲಿ ಗುಲಾಬಬಿಯ ಕೆಲಸ ನೋಡಿದ್ದಳಂತೆ. ತಮ್ಮ ಸಾಲಿಯ ಹುಡುಗಿಯರಿಗೆ ಒಂದು ದಿನ ಬಂದು ಕಲಿಸಬೇಕೆಂದು ಕೇಳಿದಳು. ಗುಲಾಬಬಿ ಕತ್ತರಿಸಿಟ್ಟಿದ್ದನ್ನೆಲ್ಲ ಹರವಿ ತೋರಿಸಿದಳು.

"ಭಾಳ ಚಂದ ಅದಾವ ಅಕ್ಕಾರ. ಇವೆಲ್ಲ ಅಪ್ಪಾರ ಕಾಲದ್ದು ಅಂದ್ರಿ. ಹೊಸಾವು ಯಾವು?"

"ಹೊಸಾವು ಅಂದ್ರ?"

"ನೀವ ಮಾಡಿದ್ದು."

"ಇವೂ ನಾನ ಕತ್ತರಸೀನಲ್ರಿ," ಎಂದಳು ಗುಲಾಬಬಿ. ನಾಗರತ್ನಾ ಚಹ ಕುಡಿದು, ತಾರೀಖು ಗೊತ್ತುಮಾಡಿ ಹೋದಳು.

ಮರುದಿನ ಗುಲಾಬಬಿ ಹಸಿರು ಹಾಳೆಯೊಂದನ್ನು ಮಡಚಿ, ಖಾಕಾಗಳನ್ನು ಪಕ್ಕಕ್ಕೆ ಸರಿಸಿ ಕುಳಿತಳು. ಕೈ ಓಡಲಿಲ್ಲ. ಮೊದಲೆಲ್ಲ ಅಡುಗೆಮನೆಯ ಮೂಲೆಯಲ್ಲಿ, ಬೇಳೆ ಕುದಿಯುವಷ್ಟರಲ್ಲಿ ಎರಡು ಹೂ ಕತ್ತರಿಸಿ ಎದ್ದುಬಿಡುತ್ತಿದ್ದಳು. ಈಗ ಖೋಲಿ ಇತ್ತು, ಬೆಳಕು ಇತ್ತು, ಬೇಕಾದ ಬಣ್ಣ ಕೈಗೆ ಎಟಕುವಂತಿತ್ತು, ಕರೆಯುವವರು ಯಾರೂ ಇರಲಿಲ್ಲ. ಕತ್ತರಿ ಎತ್ತಿದರೆ ಅದು ತಾನಾಗಿಯೇ ಗಿಣಿಯ ಕೊಕ್ಕಿನ ಕಡೆ ತಿರುಗುತ್ತಿತ್ತು. ಮೂರು ದಿನ ಹಾಗೆಯೇ ಕುಳಿತು, ನಾಲ್ಕನೆಯ ದಿನ ಡಬ್ಬಿಗಳನ್ನೆಲ್ಲ ಇಳಿಸಿ ಮತ್ತೊಮ್ಮೆ ಜೋಡಿಸಿದಳು. ಹಾಳೆ ಹಾಳೆಯಾಗಿಯೇ ಉಳಿಯಿತು.

ಡಿಸೆಂಬರಿನಲ್ಲಿ ಗಂಡಹೆಂಡತಿ ಗುಡೂರು ದಾಟಿ ಬಾದಾಮಿಗೆ ಬಸ್ಸಿನಲ್ಲಿ ಹೋದರು. ಕ್ಲಾಸು ಇದ್ದದ್ದು ಎರಡು ಗಂಟೆಗೆ. ಹೊತ್ತಿದೆಯೆಂದು ಅಗಸ್ತ್ಯ ಹೊಂಡದ ಮೆಟ್ಟಿಲ ಮೇಲೆ ಊಟಕ್ಕೆ ಕುಳಿತರು. ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಗಂಟು ಮತ್ತು ಹನ್ನೊಂದು ಖಾಕಾಗಳ ಕಟ್ಟು ಒಂದೇ ಕೈಚೀಲದಲ್ಲಿದ್ದವು. ಗುಲಾಬಬಿ ಕೈ ತೊಳೆಯಲು ನೀರಿಗಿಳಿದಳು, ಚಮನಸಾಬ ಮೊಣಕಾಲು ನೀವಿಕೊಳ್ಳಲು ಬಗ್ಗಿದ. ಅಷ್ಟರಲ್ಲಿ ಮಂಗವೊಂದು ಚೀಲವನ್ನು ಎಳೆದುಕೊಂಡು ಗೋಡೆ ಏರಿತು.

"ಏಯ್! ಚೀಲಾ ಬಿಡಲೇ!" ಎಂದು ಚಮನಸಾಬ ಕೂಗಿದ. ಕಲ್ಲೆತ್ತಿದರೆ ಅದು ಇನ್ನೂ ಮೇಲಕ್ಕೆ, ಕೆಂಪು ಬಂಡೆಯ ಚಾಚಿಗೆ ಹೋಗಿ ಕುಳಿತುಕೊಂಡಿತು. ರೊಟ್ಟಿ ತಿಂದಿತು. ಹಿಂಡಿಯ ಎಣ್ಣೆ ಖಾಕಾಗಳಿಗೂ ಇಳಿದಿತ್ತೇನೋ, ಅವನ್ನೂ ಒಂದೊಂದಾಗಿ ಬಿಡಿಸಿ, ಮೂಸಿ, ಕಚ್ಚಿ, ಹರಿದು ಕೆಳಗೆ ಎಸೆಯಿತು. ಗುಲಾಬಬಿ ಬಿದ್ದ ಚೂರುಗಳನ್ನು ಸೆರಗಿನಲ್ಲಿ ಆಯ್ದುಕೊಳ್ಳುತ್ತ ನಡೆದಳು. ಕೊನೆಗೆ ನೋಡಿದರೆ ಗಿಣಿಜೋಡಿ ಸೇರಿ ಮೂರು ಖಾಕಾ ಇಡಿಯಾಗಿ ಉಳಿದಿದ್ದವು, ನಾಲ್ಕು ಅರ್ಧ. ಉಳಿದವು ಯಾವುದರ ಚೂರು ಯಾವುದೋ ತಿಳಿಯುವಂತಿರಲಿಲ್ಲ.

"ನಡಿ, ಊರಿಗೆ ಹೋಗೂಣು," ಎಂದ ಚಮನಸಾಬ.

"ಟೀಚರು ಕಾಯ್ತಿರತಾರ್ರಿ," ಎಂದಳು ಅವಳು.

ಸಾಲಿಯಲ್ಲಿ ನಲವತ್ತು ಹುಡುಗಿಯರು ಸಾಲಾಗಿ ಕುಳಿತಿದ್ದರು. ಖಾಕಾಗಳನ್ನು ಕೈಯಿಂದ ಕೈಗೆ ದಾಟಿಸಿ ಗೆರೆ ಎಳೆಸಬೇಕೆಂದು ಗುಲಾಬಬಿ ಅಂದುಕೊಂಡು ಬಂದಿದ್ದಳು. ಈಗ ಉಳಿದದ್ದು ಘಡಿ ಹಾಕುವುದೊಂದೇ. ಅದನ್ನೇ ಕಲಿಸಿದಳು. ಒಂದು ಘಡಿ, ಎರಡು ಘಡಿ, ಮೂಲೆಗೆ ಮೂಲೆ ಸೇರಿಸಿ ಮೂರನೆಯದು. ಎಲ್ಲರದೂ ಮುಗಿಯಿತು. ಮುಂದಿನ ಬೆಂಚಿನ ರೋಹಿಣಿ ಎಂಬ ಹುಡುಗಿ ಕತ್ತರಿ ಹಿಡಿದು ಕೇಳಿದಳು:

"ಈಗ ಏನ ಕತ್ತರಸೂದ್ರಿ?"

ಗುಲಾಬಬಿ ನಾಗರತ್ನಾಳ ಕಡೆ ನೋಡಿದಳು. ನಾಗರತ್ನಾ ಅವಳ ಕಡೆಯೇ ನೋಡುತ್ತಿದ್ದಳು.

"ಏನರ ಕತ್ತರಸವಾ."

"ಏನರ ಅಂದ್ರ ಏನ್ರಿ?"

"ನೀ ದಿನಾ ನೋಡೂದು," ಎಂದುಬಿಟ್ಟಳು ಗುಲಾಬಬಿ.

ರೋಹಿಣಿ ಸ್ವಲ್ಪ ಹೊತ್ತು ಕತ್ತರಿಯ ತುದಿಯನ್ನು ಕಚ್ಚಿಕೊಂಡಿದ್ದು, ಆಮೇಲೆ ಕತ್ತರಿಸತೊಡಗಿದಳು. ಹಾಳೆ ಬಿಚ್ಚಿದಾಗ ನಡುವೆ ನೀರಿನ ನಳ, ಅದರ ಸುತ್ತ ಎಂಟು ಕೊಡ. ಸರತಿಗೆ ನಿಂತ ಕೊಡಗಳು, ಒಂದರ ಮಗ್ಗುಲು ತಗ್ಗಾಗಿತ್ತು, ಆದ್ದರಿಂದ ಎಂಟರದೂ ತಗ್ಗಾಗಿತ್ತು. ಗುಲಾಬಬಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊರಡುವಾಗ, "ಇದನ್ನ ನನಗ ಕೊಡ್ತಿ?" ಎಂದು ಕೇಳಿದಳು. "ನಮ್ಮವ್ವಗ ತೋರಸ್ಬೇಕ್ರಿ," ಎಂದು ಹುಡುಗಿ ಮಡಚಿ ಪಾಟಿಚೀಲದಲ್ಲಿಟ್ಟುಕೊಂಡಳು.

ಊರಿಗೆ ಬಂದ ಮೇಲೆ ಗುಲಾಬಬಿ ಅರ್ಧ ಉಳಿದ ಖಾಕಾಗಳನ್ನು ನೆಲದ ಮೇಲೆ ಇಟ್ಟುಕೊಂಡು ಕುಳಿತಳು. ದಾಳಿಂಬೆ ಕೊಂಬೆಯ ಕೆಳಭಾಗ ಹೋಗಿತ್ತು. ಹಣ್ಣು, ಎಲೆ ಇದ್ದವು, ಅವು ಎಲ್ಲಿಂದ ಹುಟ್ಟಿ ಬರಬೇಕೋ ಆ ಜಾಗ ಇರಲಿಲ್ಲ. ಅಪ್ಪ ಅಲ್ಲಿ ಏನು ಮಾಡಿದ್ದ? ಒಂದು ಕುಂಡವೋ, ಬಳ್ಳಿಯ ಸುರುಳಿಯೋ. ಇಷ್ಟು ವರ್ಷ ಗೆರೆ ಎಳೆದಿದ್ದರೂ ನೆನಪಾಗಲಿಲ್ಲ. ಗೆರೆ ಎಳೆಯುವಾಗ ನೋಡಿದ್ದು ಅಂಚನ್ನು ಮಾತ್ರ ಎಂದು ಅವಳಿಗೆ ಹೊಳೆಯಿತು. ಹಾಗಾದರೆ ದಿನಾ ನೋಡಿದ್ದು ಏನು? ಅಡುಗೆಮನೆಯ ಬಾಗಿಲಿನಿಂದ ಮೂವತ್ತು ವರ್ಷ ಕಂಡದ್ದು ಇದೇ ಖೋಲಿ. ಮಗ್ಗದ ಹಾಸಿನ ಎಳೆಗಳು, ಅವುಗಳ ನಡುವೆ ಆ ಕಡೆಯಿಂದ ಈ ಕಡೆಗೆ ಓಡುವ ಲಾಳಿ.

ಮಡಚಿದ ಹಾಳೆಯ ಮೇಲೆ ಆ ಅರ್ಧ ಖಾಕಾ ಇಟ್ಟು, ಅದರ ಹರಿದ ಅಂಚಿನಿಂದ ಕೆಳಕ್ಕೆ, ಪೆನ್ಸಿಲು ಇಲ್ಲದೆ, ಅವಳು ಕತ್ತರಿಸುತ್ತ ಹೋದಳು. ಮೊದಲ ಎರಡು ಹಾಳೆ ಕೆಟ್ಟವು. ಮೂರನೆಯದರಲ್ಲಿ ಎಳೆಗಳು ದಪ್ಪವಾದವು. ಐದನೆಯದನ್ನು ಬಿಚ್ಚಿದಾಗ ಸಾಲಾಗಿ ಮಲಗಿದ ಲಾಳಿಗಳು, ಅವುಗಳಿಂದ ಎಳೆ ಎಳೆಯಾಗಿ ಎದ್ದು, ಮೇಲೆ ಹೋಗಿ ದಾಳಿಂಬೆಯಾದ ಕೊಂಬೆಗಳು.

ಸಂಜೆ ಚಮನಸಾಬ ಅದನ್ನು ಕೈಗೆತ್ತಿಕೊಂಡ.

"ಇದು ನನ್ನ ಲಾಳಿ."

"ಲಾಳಿ ಎಲ್ಲಾರದೂ ಒಂದ ನಮೂನಿ ಇರತೈತ್ರಿ."

"ಅಲ್ಲ. ನಂದರ ತುದಿ ಒಂದ ಕಡೆ ಸವದಿತ್ತು. ಇಲ್ಲಿ ನೋಡು, ಸವದೈತಿ."

ಅವಳು ಬಗ್ಗಿ ನೋಡಿದಳು. ಹೌದು, ಸವೆದಿತ್ತು. ಹಾಗೆ ಕತ್ತರಿಸಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಚಮನಸಾಬ ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟು ಕಾಲು ತೊಳೆಯಲು ಹೋದ.

ಜುಲೈನಲ್ಲಿ ಮೊಹರಮ್ ಬಂತು. ಆ ಸಲ ಗುಲಾಬಬಿ ಕತ್ತರಿಸಿದ ಹಾಳೆಗಳ ಕಟ್ಟನ್ನು ಕಳಿಸದೆ ತಾನೇ ಗುಡೂರಿಗೆ ಒಯ್ದಳು. ಫಾರೂಕ ಒಂದೊಂದೇ ಬಿಚ್ಚಿ ನೋಡಿದ. ಲಾಳಿಯದು ಬಂದಾಗ ಕೈ ನಿಂತಿತು.

"ಆಪಾ, ಇದು ಅಬ್ಬಾಂದಲ್ಲ."

"ಮ್ಯಾಲಿಂದು ಅಬ್ಬಾಂದು. ಕೆಳಗಿಂದು ನಂದು." ಮಂಗನ ಸಂಗತಿಯನ್ನೂ ಹೇಳಿದಳು.

ಫಾರೂಕ ಮಸೂತಿಯ ಹಿರಿಯರಿಬ್ಬರಿಗೆ ತೋರಿಸಿ ಬಂದ. "ಹಚ್ಚೂಣು ಅಂತಾರ. ಆದ್ರ ಮುಂದ ಬ್ಯಾಡ, ಹಿಂದ ಹಚ್ಚು ಅಂದ್ರು. ಮುಂದ ಗಿಣಿ ಇರಬೇಕಂತ."

"ಹಿಂದನ ಹಚ್ಚು," ಎಂದಳು ಗುಲಾಬಬಿ. ಸ್ವಲ್ಪ ಬೇಸರವಾಗಿತ್ತು, ತೋರಿಸಲಿಲ್ಲ. ಅಂಟು ಕುದಿಸುತ್ತಿದ್ದ ಫಾರೂಕನ ಹೆಂಡತಿಯ ಹತ್ತಿರ ಹೋಗಿ ಕುಳಿತು, ಮೈಲುತುತ್ತ ಹೆಚ್ಚಾಯಿತೆಂದು ತಕರಾರು ತೆಗೆದಳು.

ಹಬ್ಬದ ಕೊನೆಯ ದಿನ ಹೊಳೆಗೆ ಹೊತ್ತೊಯ್ದ ತಾಬೂತಿನ ಹಿಂದೆ ನಡೆದವರಲ್ಲಿ ನೇಕಾರರು ಬಹಳ ಮಂದಿ ಇದ್ದರು. ಸಾಬರು ಮಾತ್ರ ಅಲ್ಲ, ಊರಿನ ಲಿಂಗಾಯತ ಮನೆತನಗಳವರೂ ಇದ್ದರು. ಹೊಳೆಯ ದಾರಿಯುದ್ದಕ್ಕೂ ಅವರ ಕಣ್ಣಿಗೆ ಬಿದ್ದದ್ದು ಲಾಳಿಗಳೇ. ಮರುದಿನ ಕಾಶಪ್ಪ ಎಂಬ ಮುದುಕ ಫಾರೂಕನ ಮನೆಗೆ ಬಂದು, "ಆ ಮಗ್ಗದ್ದು ಯಾರ ಮಾಡಿದ್ದು?" ಎಂದು ಕೇಳಿದನಂತೆ. ಆಮೇಲೆ ಇನ್ನೂ ಕೆಲವರು ಕೇಳಿದರು.

ಮುಂದಿನ ವರ್ಷ ಹಬ್ಬಕ್ಕೆ ತಿಂಗಳಿರುವಾಗ ಫಾರೂಕನ ಫೋನು ಬಂತು.

"ಆಪಾ, ಹೋದಾವಲ್ಲ, ಆ ಖಾಕಾ ಬದ್ಲಿ ಹೊಸಾವು ಮಾಡಿ ಕಳಸು. ಇಲ್ಲಿ ನಾವು ಗೆರಿ ಹಾಕ್ಕೊಂಡು ಕತ್ತರಸ್ತೇವಿ."

"ಖಾಕಾ ಮಾಡೂದಿಲ್ಲ. ಬೇಕಂದ್ರ ನಾನ ಬರ್ತೇನಿ. ಕಟ್ಟಿ ಮ್ಯಾಲ ಕುಂತು ಕತ್ತರಸ್ತೇನಿ."

"ಅದು ಗಂಡಸರು ಕುಂದ್ರೂ ಜಾಗಾ ಆಪಾ."

"ಹಂಗಂದ್ರ ನೀನ ಕತ್ತರಸು."

ನಾಲ್ಕು ದಿನ ಸುದ್ದಿ ಇರಲಿಲ್ಲ. ಗುಲಾಬಬಿ ಮದುವೆಯಾಗಿ ಬಾಗಲಕೋಟೆಯಲ್ಲಿದ್ದ ಮಗಳ ಮನೆಗೆ ಹೋಗಿ ಬಂದಳು. ಐದನೆಯ ದಿನ ಫಾರೂಕ ಮತ್ತೆ ಫೋನು ಮಾಡಿ, ಹಿರಿಯರು ಬೇಡ ಎನ್ನಲಿಲ್ಲ, ಹಾಂ ಎಂದೂ ಅನ್ನಲಿಲ್ಲ, ಬಾ ಎಂದ.

ಅವಳು ಹೋದಳು. ಕಟ್ಟೆಯ ಮೇಲೆ, ಚಪ್ಪರಕ್ಕೆ ತೂಗುಬಿಟ್ಟ ಫ್ಯಾನಿನ ಕೆಳಗೆ, ಜಮಖಾನೆಯ ಒಂದು ಅಂಚು ಬಿಟ್ಟುಕೊಟ್ಟಿದ್ದರು. ಮೊದಲ ದಿನ ಗಂಡಸರು ಜಮಖಾನೆಯ ಆಚೆ ತುದಿಗೇ ಕುಳಿತು ಕತ್ತರಿಸಿದರು. ಎರಡನೆಯ ದಿನ ಫಾರೂಕ ಅವಳ ಪಕ್ಕಕ್ಕೆ ಸರಿದು ಕುಳಿತು, ಹಾಳೆ ಮಡಚಿ ಮಡಚಿ ಕೊಡತೊಡಗಿದ. ಏನು ಕತ್ತರಿಸುತ್ತಿದ್ದಾಳೆಂದು ನೋಡಲು ಒಂದಿಬ್ಬರು ಬಗ್ಗಿದರು. ಗುಲಾಬಬಿ ತಲೆ ಎತ್ತಲಿಲ್ಲ.

"ಆ ಫ್ಯಾನ್ ಬಂದ್ ಮಾಡ್ರಿ," ಎಂದಳು. "ಹಾಳಿ ಹಾರ್ತಾವ."

ಹಿರಿಯರಲ್ಲಿ ಒಬ್ಬರು ಎದ್ದು ಹೋಗಿ ಬಂದ್ ಮಾಡಿ ಬಂದರು.